ಬೆಳವಲದ ಹತ್ತಿಹೊಲದಲ್ಲೊಂದು ಸುತ್ತು

ಪ್ರವಾಸ ಎಂದೊಡನೆ ನಮ್ಮ ಹೆಂಗಸರ ಕಣ್ಣ ಮುಂದೆ ಬರುವುದು ಜೋಗ, ಹಂಪೆ, ಧರ್ಮಸ್ಥಳ, ಊಟಿ. “ಈ ಸಲ ಹುಬ್ಬಳ್ಳಿ-ಗದಗಿನ ನಡುವಣ ಬಯಲು ನೋಡಿ ಬರೋಣ” ಎಂದರೆ ಮನೆಯವರು, “ಅಲ್ಲೇನಿದೆ ನೋಡೋಕೆ, ಕರೀ ಮಣ್ಣು ಬಿಟ್ಟರೆ?” ಎಂದು ನಕ್ಕಾರು. ನಗಲಿ ಬಿಡಿ. ದೇವರ ಮುಂದಿನ ಹೂಬತ್ತಿ, ಗೆಜ್ಜೆವಸ್ತ್ರ, ಕೂಸಿನ ಕುಲಾವಿ, ಹಾಸಿಗೆಯ ಅರಳೆ, ಅಡುಗೆಮನೆಯ ಮಸಿಅರಿವೆ – ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕೈಯಲ್ಲಿ ಓಡಾಡುವ ಇಷ್ಟೂ ವಸ್ತುಗಳು ಹುಟ್ಟುವ ಮಣ್ಣನ್ನು ಜನ್ಮದಲ್ಲಿ ಒಮ್ಮೆಯಾದರೂ ನೋಡಬೇಡವೆ? ಬನ್ನಿ ಸೋದರಿಯರೆ, ಈ ಪಕ್ಷ ನಿಮ್ಮನ್ನು ಆ ಕರೀ ಮಣ್ಣಿನ ನಾಡಿಗೇ ಕರೆದುಕೊಂಡು ಹೋಗುತ್ತೇನೆ.

ಹುಬ್ಬಳ್ಳಿಯಿಂದ ಗದಗಿಗೆ ಬಸ್ಸೂ ಉಂಟು, ರೈಲೂ ಉಂಟು. ಎರಡರಲ್ಲಿ ಯಾವುದಾದರೂ ಸರಿ, ಕಿಟಕಿಯ ಪಕ್ಕದ ಜಾಗ ಹಿಡಿಯಿರಿ. ಊರು ದಾಟುತ್ತಿದ್ದಂತೆ ಗುಡ್ಡಗಳು ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಒಂದೇ ಬಯಲು. ಮರಗಳು ಅಪರೂಪ. ಇದೇ ಹಳೆಯ ಶಾಸನಗಳ ಬೆಳ್ವೊಲ ಮುನ್ನೂರು, ಇಂದಿನವರ ಬಾಯಲ್ಲಿ ಬೆಳವಲ. ದಾರಿಯಲ್ಲಿ ಸಿಗುವ ಅಣ್ಣಿಗೇರಿ ಅದರ ರಾಜಧಾನಿಯಾಗಿತ್ತು. ಅಲ್ಲಿನ ಅಮೃತೇಶ್ವರ ದೇವಾಲಯವನ್ನು ನೋಡದೆ ಮುಂದೆ ಹೋಗಬೇಡಿ. ಆದರೆ ಇವತ್ತು ನಾವು ಬಂದಿರುವುದು ದೇವಾಲಯಕ್ಕಲ್ಲ, ಹೊಲಕ್ಕೆ.

ಮಣ್ಣೇ ಇಲ್ಲಿನ ಕೆರೆ

ಮಲೆನಾಡಿನಿಂದಲೋ ಕಾವೇರಿಯ ಕಡೆಯಿಂದಲೋ ಬಂದವರಿಗೆ ಮೊದಲು ಹೊಳೆಯುವ ಪ್ರಶ್ನೆ, “ನೀರೆಲ್ಲಿ?” ಎಂದು. ಗದಗಿನ ಸುತ್ತ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ. ಹೊಲಗಳಲ್ಲಿ ಬಾವಿ ಕಾಣುವುದಿಲ್ಲ, ಕಾಲುವೆ ಎಲ್ಲ ಊರಿಗೂ ಇಲ್ಲ. ಹಾಗಿದ್ದೂ ಇಲ್ಲಿ ನೂರಾರು ವರ್ಷಗಳಿಂದ ಹತ್ತಿ ಬೆಳೆಯುತ್ತದಲ್ಲ, ಹೇಗೆ?

ಗುಟ್ಟು ಮಣ್ಣಿನಲ್ಲಿದೆ. ಈ ಎರೆಮಣ್ಣು ಬಹಳ ನುಣುಪಾದ ಜೇಡಿ. ಮಳೆ ಬಿದ್ದರೆ ಹಿಟ್ಟು ನಾದಿದಂತೆ ಉಬ್ಬಿ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಚಪ್ಪಲಿ ಹಾಕಿಕೊಂಡು ಹೊಲಕ್ಕಿಳಿದಿರೋ, ಹೆಜ್ಜೆಗೆ ಒಂದು ಸೇರು ಮಣ್ಣು ಅಂಟಿಕೊಂಡು ಕಾಲು ಎತ್ತಲಾರಿರಿ! ಒಂದು ಮೀಟರ್ ಆಳದ ಎರೆಮಣ್ಣು ಸುಮಾರು 150ರಿಂದ 200 ಮಿಲಿಮೀಟರ್ ಮಳೆಯಷ್ಟು ನೀರನ್ನು ಬೆಳೆಗೆಂದು ಒಳಗೆ ಹಿಡಿದಿಟ್ಟುಕೊಳ್ಳಬಲ್ಲದು. ನಾವು ಬೇಸಿಗೆಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಕೂಡಿಡುವುದಿಲ್ಲವೆ? ಹಾಗೆ ಮಳೆಗಾಲದ ನೀರನ್ನು ಈ ಮಣ್ಣು ಕೂಡಿಡುತ್ತದೆ.

ಆದರೆ ಡಬ್ಬಿಯ ಮುಚ್ಚಳ ಭದ್ರವಾಗಿರಬೇಕು. ಒಣಗಿದರೆ ಎರೆಮಣ್ಣು ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಅಗಲದ ಬಿರುಕುಗಳು. ಆ ಬಿರುಕಿನಿಂದ ಒಳಗಿನ ಹಸಿ ಆರಿಹೋಗುತ್ತದೆ, ಬೇರೂ ಹರಿಯುತ್ತದೆ. ಅದಕ್ಕೆಂದೇ ಒಕ್ಕಲಿಗರು ಸಾಲಿನ ನಡುವೆ ಮತ್ತೆ ಮತ್ತೆ ಎಡೆಕುಂಟೆ ಹೊಡೆಯುತ್ತಾರೆ. ಕಳೆ ತೆಗೆಯುವುದು ಒಂದು ಉದ್ದೇಶ. ಮೇಲಿನ ಎರಡು ಬೆರಳು ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿ ಮುಚ್ಚುವುದು ಇನ್ನೊಂದು, ಅದೇ ದೊಡ್ಡದು. “ಒಂದು ಸಲ ಎಡಿ ಹೊಡದ್ರ ಒಂದು ಮಳಿ ಬಿದ್ದಂಗ ನೋಡ್ರಿ” ಎಂದು ಅಣ್ಣಿಗೇರಿ ಹತ್ತಿರದ ಹೊಲವೊಂದರಲ್ಲಿ ಒಬ್ಬ ಅಜ್ಜ ನನಗೆ ಹೇಳಿದರು. ಕೃಷಿ ಪುಸ್ತಕಗಳು ಹತ್ತು ಪುಟದಲ್ಲಿ ಹೇಳುವುದನ್ನು ಅಜ್ಜ ಒಂದೇ ಮಾತಿನಲ್ಲಿ ಮುಗಿಸಿದರು.

ಒಂದೇ ಹೊಲ, ಮೂರು ಬೆಳೆಯ ಸಂಸಾರ

ಇಲ್ಲಿನ ಹಳೆಯ ಪದ್ಧತಿ ಕೇಳಿದರೆ ಗೃಹಿಣಿಯಾದ ನಿಮಗೆ ಖುಷಿಯಾದೀತು. ಜೂನ್-ಜುಲೈ ಮಳೆಗೆ, ಅಂದರೆ ಮೃಗಶಿರ-ಆರಿದ್ರೆ-ಪುನರ್ವಸು ಮಳೆಗಳಲ್ಲಿ, ಹೊಲಕ್ಕೆ ಮೊದಲು ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿ. ಇವು ಬೇರೂರಿದ ಮೇಲೆ, ಮಘೆ-ಹುಬ್ಬೆ ಮಳೆಯ ಹೊತ್ತಿಗೆ, ಆಗಸ್ಟ್ ನಡುವಿನಿಂದ ಸೆಪ್ಟೆಂಬರಿನವರೆಗೆ, ಅದೇ ಹೊಲದ ಸಾಲುಗಳ ನಡುವೆ ದೇಸಿ ಹತ್ತಿ. ಉಳ್ಳಾಗಡ್ಡಿ ಮೊದಲು ಮನೆಗೆ ಬರುತ್ತದೆ, ಅದರ ಹಿಂದೆ ಮೆಣಸಿನಕಾಯಿ ಕೆಂಪಗಾಗಿ ಬ್ಯಾಡಗಿಯ ಪೇಟೆಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಮಳೆ ಮುಗಿದಿರುತ್ತದೆ. ಹತ್ತಿ ಮಾತ್ರ ತಾಯಿಬೇರನ್ನು ಆಳಕ್ಕೆ ಇಳಿಸಿ, ಮಣ್ಣು ಕೂಡಿಟ್ಟ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ನಿಂತಿರುತ್ತದೆ. ಫೆಬ್ರವರಿ-ಮಾರ್ಚಿಗೆ ಅದರ ಕಾಯಿ ಒಡೆದು ಹೊಲ ಬೆಳ್ಳಗಾಗುತ್ತದೆ.

ಅಂದರೆ ಒಂದೇ ಹೊಲದಿಂದ ಮೂರು ಸಲ ಕೈಗೆ ದುಡ್ಡು. ಉಳ್ಳಾಗಡ್ಡಿ ಕೊಳೆತರೆ ಮೆಣಸಿನಕಾಯಿ, ಅದೂ ಹೋದರೆ ಹತ್ತಿ. ಮೂರೂ ಒಟ್ಟಿಗೆ ಹೋಗುವುದು ಅಪರೂಪ. ಸಂಬಳದ ದಿನವನ್ನೇ ನಂಬಿ ಮನೆ ನಡೆಸುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ, ಅಲ್ಲವೆ?

ಬಿತ್ತುವ ಕೆಲಸವನ್ನೂ ಹೇಳಿಬಿಡುತ್ತೇನೆ. ಹತ್ತಿಕಾಳಿಗೆ ಸಣ್ಣ ಸಣ್ಣ ನವಿರು ಇರುವುದರಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಹಿಂದಿನ ದಿನವೇ ಮನೆಯ ಹೆಂಗಸರು ಕಾಳನ್ನು ಸಗಣಿ, ಮಣ್ಣು ಕಲಸಿದ ನೀರಿನಲ್ಲಿ ಹಾಕಿ ಉಜ್ಜಿ, ನೆರಳಲ್ಲಿ ಆರಹಾಕುತ್ತಿದ್ದರು. ಆಗ ನವಿರು ಅಂಟಿ ಕಾಳು ನುಣ್ಣಗಾಗಿ, ಕೂರಿಗೆಯ ಕೊಳವೆಯಲ್ಲಿ ಸರಾಗ ಇಳಿಯುತ್ತದೆ. ಬೀಜ ಆರಿಸಿಡುವುದು, ಕಾಪಿಡುವುದು, ಉಜ್ಜುವುದು, ಬಿತ್ತುವಾಗ ಹಿಡಿ ಹಿಡಿಯಾಗಿ ಬಿಡುವುದು – ಎಲ್ಲ ಹೆಣ್ಣುಮಕ್ಕಳ ಕೈಯದೇ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಗ್ಗವೂ ಹೌದು, ಪಲ್ಲೆಯೂ ಹೌದು

ನಾರಿನ ಬೆಳೆ ಎಂದರೆ ಹತ್ತಿಯೊಂದೇ ಅಲ್ಲ. ಜೋಳದ ಹೊಲದ ಅಕ್ಕಡಿ ಸಾಲಿನಲ್ಲಿ ಎದೆಯೆತ್ತರಕ್ಕೆ ನೆಟ್ಟಗೆ ನಿಂತ ಗಿಡ ಕಂಡರೆ ಹತ್ತಿರ ಹೋಗಿ ನೋಡಿ, ಅದು ಪುಂಡಿ. ಹೂವನ್ನು ಕಂಡೊಡನೆ “ಅರೆ, ಬೆಂಡೆಹೂವಿನ ಹಾಗಿದೆ!” ಎನ್ನುತ್ತೀರಿ. ನಿಮ್ಮ ಊಹೆ ತಪ್ಪಲ್ಲ. ಬೆಂಡೆ, ದಾಸವಾಳ, ಪುಂಡಿ, ಹತ್ತಿ ಎಲ್ಲವೂ ಒಂದೇ ಮನೆತನದವು. ಒಬ್ಬಳು ಕಾಯಿ ಕೊಟ್ಟಳು, ಒಬ್ಬಳು ಹೂ ಕೊಟ್ಟಳು, ಒಬ್ಬಳು ನಾರು, ಒಬ್ಬಳು ಅರಳೆ.

ಪುಂಡಿಯ ಉಪಕಾರ ದೊಡ್ಡದು. ಎಳೆಯದಿದ್ದಾಗ ಸೊಪ್ಪು ಅಡುಗೆಗೆ. ಬಲಿತ ಮೇಲೆ ಕೋಲುಗಳನ್ನು ಕಡಿದು, ಕಟ್ಟು ಕಟ್ಟಿ, ಹಳ್ಳದ ಅಥವಾ ಹೊಂಡದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತಾರೆ. ಹತ್ತು-ಹದಿನೈದು ದಿನದಲ್ಲಿ ತೊಗಟೆ ಕೊಳೆತು ಸಡಿಲವಾಗುತ್ತದೆ. ಸುಲಿದು, ತೊಳೆದು, ಒಣಗಿಸಿದರೆ ಹೊಳೆಯುವ ನಾರು. ಅದರಿಂದಲೇ ದನದ ಕಣ್ಣಿ, ಬಾವಿಯ ಹಗ್ಗ, ಬೆಣ್ಣೆ ಗಡಿಗೆ ತೂಗುಬಿಡುವ ನೆಲವು. ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ ಹಾಕದಿದ್ದರೆ ಆಗುತ್ತಿರಲಿಲ್ಲ. ನೀರಿಲ್ಲದ ಹೊಲದ ಬದುವಿನಲ್ಲಿ ಕತ್ತಾಳೆ, ಹಸಿರುಗೊಬ್ಬರಕ್ಕೂ ನಾರಿಗೂ ಸೆಣಬು – ಹೀಗೆ ಒಕ್ಕಲುತನಕ್ಕೆ ಬೇಕಾದ ಹಗ್ಗದ ಒಂದು ಮೊಳವನ್ನೂ ಹೊರಗಿನಿಂದ ಕೊಳ್ಳದ ಕಾಲವಿತ್ತು. ಈಗ ಪ್ಲಾಸ್ಟಿಕ್ ಹಗ್ಗ ಬಂದು ಕೊಳೆ ಹಾಕುವ ಹೊಂಡಗಳು ಬತ್ತಿವೆ. ಸೊಪ್ಪಿಗಾಗಿಯಾದರೂ ಪುಂಡಿ ಉಳಿದಿದೆ ಎನ್ನುವುದು ಸಮಾಧಾನ. ನೋಡಿ, ಒಂದು ನಾರಿನ ಬೆಳೆಯನ್ನು ಉಳಿಸಿದ್ದು ಒಲೆ!

ನನಗೆ ಊಟಕ್ಕೆ ಹಾಕಿದ ಮನೆಯ ಗೃಹಿಣಿ ಹೇಳಿಕೊಟ್ಟ ಪುಂಡಿಪಲ್ಲೆಯನ್ನು ಇಲ್ಲೇ ಬರೆದುಬಿಡುತ್ತೇನೆ.

ಬೇಕಾಗುವ ಸಾಮಾನು: ಪುಂಡಿಸೊಪ್ಪು 2 ಕಟ್ಟು, ತೊಗರಿಬೇಳೆ ಅರ್ಧ ಬಟ್ಟಲು, ಜೋಳದ ನುಚ್ಚು ಕಾಲು ಬಟ್ಟಲು (ಇಲ್ಲದಿದ್ದರೆ ಅಕ್ಕಿನುಚ್ಚು), ಹಸಿಮೆಣಸಿನಕಾಯಿ 8, ಬೆಳ್ಳುಳ್ಳಿ 1 ಗಡ್ಡೆ, ಅರಿಶಿನ, ಸಾಸಿವೆ, ಜೀರಿಗೆ, ಉಪ್ಪು, ಶೇಂಗಾ ಎಣ್ಣೆ 4 ಚಮಚ.

ಮಾಡುವ ಕ್ರಮ: ಬೇಳೆ, ನುಚ್ಚು, ಅರಿಶಿನ ಸೇರಿಸಿ ಮೆತ್ತಗೆ ಬೇಯಿಸಿಡಿ. ಸೊಪ್ಪನ್ನು ಬಿಡಿಸಿ ತೊಳೆದು ಬೇರೆ ಬೇಯಿಸಿ. ಬಹಳ ಹುಳಿ ಬೇಡವೆಂದರೆ ನೀರು ಬಸಿದುಬಿಡಿ. ಹಸಿಮೆಣಸಿನಕಾಯಿ, ಅರ್ಧ ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿ. ಎಲ್ಲವನ್ನೂ ಕೂಡಿಸಿ ಕಡಗೋಲಿನಿಂದ ಮಸೆದು ಒಂದು ಕುದಿ ಬರಿಸಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಉಳಿದ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಒಗ್ಗರಣೆ ಹಾಕಿ. ಹುಳಿಯ ಪದಾರ್ಥವಾದ್ದರಿಂದ ಕಲಾಯಿಲ್ಲದ ಹಿತ್ತಾಳೆ ಪಾತ್ರೆ ಬೇಡ. ಬಿಸಿ ಜೋಳದ ರೊಟ್ಟಿ, ಮೇಲೆ ಹಸಿ ಉಳ್ಳಾಗಡ್ಡಿ. ಮಾರನೆಯ ದಿನಕ್ಕೆ ಇನ್ನೂ ರುಚಿ.

ಅಮೆರಿಕದಿಂದ ಬಂದ ಸೊಸೆ

ಈಗ ಹತ್ತಿಗೇ ಬರೋಣ. ರೈಲು ಬರುವ ಮೊದಲು ಈ ಬಯಲಿನ ದೇಸಿ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು. ಹಾಗಾಗಿ ಬೆಳೆದದ್ದು ಬೆಳವಲದಲ್ಲಾದರೂ ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರು “ಕುಮಟಾ ಹತ್ತಿ”. ತವರಿನ ಹೆಸರು ಬಿಟ್ಟು ಹೊಸಿಲು ದಾಟಿದ ಊರಿನ ಹೆಸರು ಪಡೆದ ಹೆಣ್ಣಿನ ಹಾಗೆ!

1840ರ ದಶಕದಲ್ಲಿ ಇಂಗ್ಲಿಷ್ ಸರಕಾರ ಅಮೆರಿಕದ ಹತ್ತಿಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಅವರ ಮಗ್ಗಗಳಿಗೆ ಉದ್ದ ಎಳೆ ಬೇಕಿತ್ತು, ನಮ್ಮ ದೇಸಿ ಹತ್ತಿಯದು ಗಿಡ್ಡ ಎಳೆ. ಬಂದ ಸೊಸೆ ಇಲ್ಲಿಗೆ ಹೊಂದಿಕೊಂಡು “ಧಾರವಾಡ-ಅಮೆರಿಕನ್” ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿ ಬೆಲೆ ಏರಿತು; ಯುದ್ಧ ಮುಗಿಯಿತು, ಬೆಲೆ ಬಿತ್ತು. ಸಮುದ್ರದಾಚೆಯ ಜಗಳ ಬೆಳವಲದ ಒಲೆಯ ಉರಿ ಹೆಚ್ಚು-ಕಡಿಮೆ ಮಾಡುವುದು ಅಂದಿನಿಂದಲೇ ನಡೆದು ಬಂದಿದೆ. 1880ರ ದಶಕದಲ್ಲಿ ರೈಲು ಬಂದ ಮೇಲೆ ಬಂಡಿಗಳ ಸಾಲು ನಿಂತು, ಹುಬ್ಬಳ್ಳಿ-ಗದಗುಗಳು ಹತ್ತಿಪೇಟೆಗಳಾದವು. ಸಾಲಗಾರನ ಕೈಯಿಂದ ರೈತನನ್ನು ಬಿಡಿಸಬೇಕೆಂದು 1905ರಲ್ಲಿ ಸಹಕಾರ ಸಂಘ ಹುಟ್ಟಿದ್ದೂ ಗದಗಿನ ಪಕ್ಕದ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಆ ಸಂಘ ದೇಶಕ್ಕೇ ಮೊದಲನೆಯದು. ಮುಂದೆ ಕೆ.ಎಚ್. ಪಾಟೀಲರು ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ ಕಟ್ಟಿದರು.

ಹೊಲದಲ್ಲಿ ಅತ್ತೆ ಯಾರು, ಸೊಸೆ ಯಾರು ಎಂದು ಗುರುತಿಸುವುದು ಸುಲಭ. ದೇಸಿ ಹತ್ತಿಯ ಹೂವು ಹಳದಿ, ಒಳಗೆ ಕಡುಗೆಂಪು ಕಣ್ಣು, ಕುಂಕುಮ ಇಟ್ಟ ಹಾಗೆ. ಅಮೆರಿಕದ ಜಾತಿಯದು ಕೆನೆಬಣ್ಣದ ಹೂವು. ಅರಳಿದ ಮಾರನೆಯ ದಿನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ವರಲಕ್ಷ್ಮಿ ಬಂದಳು

1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು “ವರಲಕ್ಷ್ಮಿ” ಎಂಬ ಮಿಶ್ರತಳಿ ಹತ್ತಿಯನ್ನು ಕೊಟ್ಟರು. ಬೇರೆ ಬೇರೆ ಎರಡು ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ, ರೇಷ್ಮೆಯಂಥ ಉದ್ದ ಎಳೆಯ ಹತ್ತಿ ಅದು. ಮುಂದೆ 1981ರಲ್ಲಿ ಅಲ್ಲಿಂದಲೇ ಡಿ.ಸಿ.ಎಚ್.-32, ಅಂದರೆ “ಜಯಲಕ್ಷ್ಮಿ”. ಹೆಸರಿಗೆ ತಕ್ಕಂತೆ ಮನೆಗೆ ಲಕ್ಷ್ಮಿ ಬಂದದ್ದೂ ನಿಜ. ಎಷ್ಟೋ ಮನೆಗಳ ಹಂಚು, ಹೆಣ್ಣುಮಕ್ಕಳ ಮದುವೆ, ಗಂಡುಮಕ್ಕಳ ಕಾಲೇಜು ಈ ಹತ್ತಿಯಿಂದಾದವು.

ಆದರೆ ಈ ಲಕ್ಷ್ಮಿಗೆ ಉಪಚಾರ ಜಾಸ್ತಿ. ನೀರು ಬೇಕು, ಗೊಬ್ಬರ ಬೇಕು, ಔಷಧಿ ಬೇಕು. ಮಲಪ್ರಭೆಯ ಕಾಲುವೆ ಬಂದ ನವಲಗುಂದ, ನರಗುಂದದ ಕಡೆ ರೈತರು ಸಾಲ ಮಾಡಿ ಈ ಹತ್ತಿ ಹಾಕಿದರು. ಬೆಲೆ ಕುಸಿಯಿತು. ಕಾಲುವೆಯ ನೀರು ಮುಟ್ಟದ ಹೊಲಕ್ಕೂ ಕರದ ನೋಟೀಸು ಬಂತು. 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯ ನಾಡಿನ ಇತಿಹಾಸದಲ್ಲಿ ಉಳಿದಿದೆ. ಗೋಲಿಬಾರಿನಲ್ಲಿ ಪ್ರಾಣವೂ ಹೋಯಿತು. ಕರದ ಸಿಟ್ಟಿನ ಹಿಂದೆ ಹತ್ತಿಯ ಬೆಲೆಯ ಸಂಕಟವೂ ಇತ್ತು.

ಇನ್ನೊಂದು ಸೂಕ್ಷ್ಮ ಸಂಗತಿ. ಮಿಶ್ರತಳಿಯ ಬೀಜವನ್ನು ಮರುವರ್ಷ ಮನೆಯಲ್ಲಿಟ್ಟು ಬಿತ್ತಿದರೆ ಒಂದು ಗಿಡ ಅಜ್ಜಿಯ ಹಾಗೆ, ಒಂದು ಅಜ್ಜನ ಹಾಗೆ. ಬೆಳೆ ಒಂದೇ ಸಮ ಬರುವುದಿಲ್ಲ. ಪ್ರತಿವರ್ಷ ಹೊಸ ಬೀಜ ಕೊಳ್ಳಲೇಬೇಕು. ಈ ಬೀಜ ತಯಾರಿಸುವುದೂ ಹೆಚ್ಚಾಗಿ ಹೆಂಗಸರೇ. ಸಂಜೆ ಮೊಗ್ಗು ಸುಲಿದು ಗಂಡುಭಾಗ ತೆಗೆಯುವುದು, ಮಾರನೆಯ ಬೆಳಿಗ್ಗೆ ಇನ್ನೊಂದು ಗಿಡದ ಹೂವನ್ನು ತಂದು ಅದಕ್ಕೆ ಸೋಕಿಸುವುದು. ಒಂದೊಂದು ಹೂವಿಗೂ ಹೀಗೆ, ಕೈಯಿಂದಲೇ! ನಾವು ಮಲ್ಲಿಗೆ ಕಟ್ಟುವಷ್ಟು ನಾಜೂಕಿನ ಕೆಲಸ. ಆದರೆ ಆ ಬೀಜ ಪೊಟ್ಟಣದಲ್ಲಿ ಅಂಗಡಿಗೆ ಹೋಗುತ್ತದೆ. ಅತ್ತೆಯ ಮಡಕೆಯಲ್ಲಿದ್ದ ಬೀಜ ಅಂಗಡಿಯ ಗಾಜಿನ ಕಪಾಟು ಸೇರಿದ ಕಥೆ ಇದು.

2002ರಲ್ಲಿ ಬಿ.ಟಿ. ಹತ್ತಿ ಬಂತು. ಕಾಯಿಕೊರಕ ಹುಳುವಿಗೆ ವಿಷವಾಗುವ ಗುಣವನ್ನು ಗಿಡದೊಳಗೇ ಸೇರಿಸಿದ ಹತ್ತಿ. ಮೊದಮೊದಲು ಔಷಧಿ ಹೊಡೆಯುವುದು ಕಡಿಮೆಯಾಗಿ ರೈತರು ನಿಟ್ಟುಸಿರು ಬಿಟ್ಟರು. ಈಗ ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ 90ಕ್ಕೂ ಮೀರಿ ಇದೇ. ಆದರೆ 2010ರ ನಂತರ ಗುಲಾಬಿ ಕಾಯಿಕೊರಕ ಈ ವಿಷಕ್ಕೆ ಒಗ್ಗಿಕೊಂಡಿತು, ಔಷಧಿಯ ಡಬ್ಬಿ ಮತ್ತೆ ಹೊಲಕ್ಕೆ ಬಂತು.

ಅತ್ತೆಯ ಲೆಕ್ಕ, ಸೊಸೆಯ ಲೆಕ್ಕ

ನಾನು ಉಂಡ ಮನೆಯಲ್ಲಿ ಇದೇ ವಿಷಯಕ್ಕೆ ಅತ್ತೆ-ಸೊಸೆಗೆ ವಾದ ಹತ್ತಿತು. ಒಟ್ಟು ನಾಲ್ಕು ಎಕರೆ ಎರೆ, ನೀರಾವರಿ ಇಲ್ಲ.

“ನಮ್ಮ ಜವಾರಿ ಹತ್ತಿಗೆ ಏನು ಖರ್ಚೈತಿ ಹೇಳ್ರಿ ಬಾಯಾರ?” ಎಂದರು ಅತ್ತೆ. “ಬೀಜ ಮನ್ಯಾಂದು, ಗೊಬ್ಬರ ತಿಪ್ಪಿದು. ಮಳಿ ಕೈಕೊಟ್ರ ಹೋಗೂದು ನಮ್ಮ ದುಡಿತ ಅಷ್ಟ. ಸಾಲಗಾರ ಬಾಗಲಕ ಬರೂದಿಲ್ಲ. ಹತ್ತಿಕಾಳು ಎಮ್ಮಿಗೆ ಹಾಕಿದ್ರ ಹಾಲು ದಪ್ಪ ಬರತಾವು. ಕಟಗಿ ಒಲಿಗೆ ಆಕ್ಕೈತಿ.”

ಸೊಸೆ ಓದಿದವಳು, ಮಾತು ಮೆತ್ತಗೆ. “ಅತ್ತಿಯಾರ ಮಾತು ಖರೆ ಐತ್ರಿ. ಆದ್ರ ಮಾರ್ಚಿನ್ಯಾಗ ಬರೂ ರೊಕ್ಕಕ್ಕ ಜೂನ್ ತಿಂಗಳ ಸಾಲಿ ಫೀ ಕಾಯೂದಿಲ್ಲ. ಇಳುವರಿ ಕಡಿಮಿ. ಗಿಡ್ಡ ಎಳಿ ಅಂತ ಪ್ಯಾಟ್ಯಾಗ ರೇಟೂ ಕಡಿಮಿ. ಮಕ್ಕಳ ಅಭ್ಯಾಸ ಹೆಂಗ ಮಾಡಸೂದು?”

ಯಾರ ಲೆಕ್ಕ ಸರಿ? ನನ್ನ ಕೇಳಿದರೆ ಇಬ್ಬರದೂ ಸರಿ. ಅತ್ತೆ ಲೆಕ್ಕ ಹಾಕುವುದು ಕೆಟ್ಟ ವರ್ಷದ್ದು. ಸೊಸೆ ಹಾಕುವುದು ಒಳ್ಳೆಯ ವರ್ಷದ್ದು. ನೀರಾವರಿಯಿಲ್ಲದ ಒಕ್ಕಲುತನದಲ್ಲಿ ಮುಂದಿನದು ಯಾವ ವರ್ಷವೆಂದು ಬಿತ್ತುವಾಗ ಗೊತ್ತಾಗುವುದಿಲ್ಲವಲ್ಲ! ಮಿಶ್ರತಳಿಗೆ ಸಾಲ ಮಾಡಿ ಹಾಕಿದ ಮೇಲೆ ಮಳೆ ಹೋದರೆ ಬೆಳೆಯ ಜೊತೆಗೆ ಮನೆಯೂ ಮುಳುಗುತ್ತದೆ. ದೇಸಿಯನ್ನೇ ನಂಬಿದರೆ ಮುಳುಗುವುದಿಲ್ಲ, ಆದರೆ ದಡವೂ ಬೇಗ ಸಿಗುವುದಿಲ್ಲ. ಕೊನೆಗೆ ಆ ಮನೆಯಲ್ಲಿ ಎರಡು ಎಕರೆ ಅತ್ತೆಗೆ, ಎರಡು ಎಕರೆ ಸೊಸೆಗೆ ಎಂದು ತೀರ್ಮಾನವಾಗಿದೆ. ಅತ್ತೆಯ ಎರಡೆಕರೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ದೇಸಿ ಹತ್ತಿ. ಸೊಸೆಯ ಎರಡೆಕರೆಯಲ್ಲಿ ಮಿಶ್ರತಳಿ. ಡಿಸೆಂಬರಿಗೆ ಮಿಶ್ರತಳಿಯ ಗಿಡ ಕಿತ್ತು ಹೊಲ ಖಾಲಿ ಮಾಡುತ್ತಾರೆ. ಗಿಡ ಹಾಗೇ ನಿಂತರೆ ಗುಲಾಬಿ ಹುಳು ಅದರಲ್ಲೇ ಉಳಿದು ಮುಂದಿನ ಬೆಳೆಗೆ ಬರುತ್ತದೆಂದು ಕೃಷಿ ಇಲಾಖೆಯವರೂ ಹೇಳುತ್ತಾರೆ.

ದೇಸಿಯ ಪರವಾಗಿ ನಾನೂ ಒಂದು ಮಾತು ಸೇರಿಸುತ್ತೇನೆ. ಧಾರವಾಡದಲ್ಲೇ ತಯಾರಾದ “ಜಯಧರ” ಎಂಬ ದೇಸಿ ತಳಿ ಇಂಥ ಹೊಲಕ್ಕೆಂದೇ ಹುಟ್ಟಿದ್ದು. ರಸ ಹೀರುವ ಹುಳುಗಳ ಕಾಟವನ್ನು ತಡೆದುಕೊಳ್ಳುತ್ತದೆ, ಔಷಧಿ ಬೇಡುವುದಿಲ್ಲ. ಎಳೆ ಗಿಡ್ಡವಾದರೂ ದಪ್ಪ. ಖಾದಿಗೆ, ಜಮಖಾನಕ್ಕೆ, ಹಾಸಿಗೆ-ದಿಂಬಿಗೆ ಹೇಳಿಮಾಡಿಸಿದ ಹಾಗೆ. ಅದಕ್ಕೆ ಕೊಳ್ಳುವವರು ಇಲ್ಲ, ಆದ್ದರಿಂದ ಬೆಲೆ ಇಲ್ಲ, ಆದ್ದರಿಂದ ಬೆಳೆಯುವವರು ಇಲ್ಲ – ಕೊಂಡಿ ತುಂಡಾಗಿರುವುದು ಇಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹುಟ್ಟುಗುಣದಿಂದಲೇ ಕಂದುಬಣ್ಣವಿರುವ ಹತ್ತಿಯನ್ನೂ ಬೆಳೆಸಿದ್ದಾರೆ. ಬಣ್ಣ ಹಾಕದೆಯೇ ಬಣ್ಣದ ಬಟ್ಟೆ!

ಉಡಿಯಲ್ಲಿ ಬೆಳ್ಳಿ

ಹತ್ತಿ ಬಿಡಿಸುವುದನ್ನು ನೋಡಬೇಕಾದರೆ ಬೆಳಿಗ್ಗೆ ಬೇಗ ಹೊಲಕ್ಕೆ ಹೋಗಬೇಕು. ಸೀರೆಯ ಸೆರಗನ್ನು ಮುಂದೆ ಉಡಿ ಕಟ್ಟಿಕೊಂಡು ಹೆಂಗಸರು ಸಾಲು ಹಿಡಿದು ನಡೆಯುತ್ತಾರೆ. ಎರಡೂ ಕೈ ಓಡುತ್ತಿರುತ್ತವೆ. ಬೆಳಿಗ್ಗೆಯೇ ಏಕೆ? ಇಬ್ಬನಿಯ ತೇವದಲ್ಲಿ ಕಾಯಿಯ ಸುತ್ತಲಿನ ಎಲೆ ಮೆತ್ತಗಿರುತ್ತದೆ. ಬಿಸಿಲೇರಿದರೆ ಅದು ಪುಡಿಯಾಗಿ ಅರಳೆಗೆ ಅಂಟುತ್ತದೆ. ಕಸ ಬೆರೆತ ಹತ್ತಿಗೆ ಪೇಟೆಯಲ್ಲಿ ಬೆಲೆ ಇಳಿಯುತ್ತದೆ.

ಮೆತ್ತನೆಯ ಹತ್ತಿ ಎಂದು ತಿಳಿಯಬೇಡಿ. ಒಣಗಿದ ಕಾಯಿಯ ತುದಿ ಸೂಜಿಯಂತೆ ಚುಚ್ಚುತ್ತದೆ. ಅವರ ಬೆರಳ ತುದಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಔಷಧಿ ಹೊಡೆದ ಹೊಲದಲ್ಲಿ ಬರಿಗೈಯಲ್ಲಿ ಬಿಡಿಸಿ, ಹಾಗೇ ಬುತ್ತಿ ಬಿಚ್ಚುವುದೂ ಉಂಟು. ಈ ಪತ್ರಿಕೆಯನ್ನು ಹಳ್ಳಿಯಲ್ಲಿ ಓದುತ್ತಿರುವ ಸೋದರಿಯರು ದಯವಿಟ್ಟು ಗಮನಿಸಿ: ಔಷಧಿ ಹೊಡೆದ ಹೊಲಕ್ಕೆ ಪೊಟ್ಟಣದ ಮೇಲೆ ಹೇಳಿದಷ್ಟು ದಿನ ಇಳಿಯಬೇಡಿ. ತೋಳು, ಬಾಯಿ ಮುಚ್ಚುವ ಬಟ್ಟೆ ಇರಲಿ. ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಆ ಸೀರೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಔಷಧಿಯ ಖಾಲಿ ಡಬ್ಬಿಯನ್ನು ನೀರಿಗಾಗಲಿ ಎಣ್ಣೆಗಾಗಲಿ ಬಳಸಲೇಬೇಡಿ.

ಬಿಡಿಸಿದ ಹತ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರಳೆ, ಉಳಿದದ್ದು ಕಾಳು. ಅರಳೆ ಹಿಂಜಿ ಹಂಜಿಯಾಗಿ, ಹಂಜಿ ನೂಲಾಗಿ, ನೂಲು ಬಟ್ಟೆಯಾಗುವ ಊರುಗಳೂ ಹತ್ತಿರದಲ್ಲೇ ಇವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ನಮ್ಮ ರಾಷ್ಟ್ರಧ್ವಜ ತಯಾರಾಗುವುದು ಇಲ್ಲಿ. ನೂಲುವವರು, ಹೊಲಿಯುವವರು, ಅಶೋಕಚಕ್ರ ಅಚ್ಚು ಹಾಕುವವರು ಹೆಚ್ಚಿನವರು ಹೆಂಗಸರೇ. ಧಾರವಾಡದ ಹತ್ತಿರದ ಗರಗವೂ ಧ್ವಜದ ಖಾದಿಗೆ ಹೆಸರಾದ ಊರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಯ ಧ್ವಜಕ್ಕೂ ಅನುಮತಿ ಸಿಕ್ಕಿತು. ಧ್ವಜ ಅಗ್ಗವಾಗಿ ಮನೆಮನೆಗೆ ಬಂತು ಎನ್ನುವವರು ಇದ್ದಾರೆ. ಆದರೆ ಆ ಮೇಲೆ ಬೆಂಗೇರಿಯ ಬೇಡಿಕೆ ಇಳಿದದ್ದನ್ನೂ ಅಲ್ಲಿನ ಹೆಂಗಸರ ಕೂಲಿ ಮರೆಯುವುದಿಲ್ಲ.

ನವಲಗುಂದಕ್ಕೂ ಹೋಗಿ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಜಮಖಾನ ನೇಯುವವರು ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು. ಊರಿನ ಹೆಸರಲ್ಲಿರುವ ನವಿಲು ಜಮಖಾನದ ಮೇಲೂ ಕುಣಿಯುತ್ತದೆ. ನೂಲನ್ನು ಪಂಜದಿಂದ ಬಡಿದು ಬಡಿದು ಎಷ್ಟು ಗಟ್ಟಿ ಮಾಡುತ್ತಾರೆಂದರೆ, ಮದುವೆಗೆ ತಂದ ಜಮಖಾನ ಮೊಮ್ಮಗನ ಮುಂಜಿಗೋ ಮದುವೆಗೋ ಹಾಸಲು ಉಳಿದಿರುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ನೇಯುವ ಕೈಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಕೊಳ್ಳುವಾಗ ಚೌಕಾಶಿ ಮಾಡುವ ಮೊದಲು ಒಂದು ಗಂಟೆ ಆ ಮಗ್ಗದ ಪಕ್ಕ ಕುಳಿತು ನೋಡಿ. ಆಮೇಲೆ ನಿಮಗೆ ಚೌಕಾಶಿಗೆ ಬಾಯಿ ಬರುವುದಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಎಳ್ಳಮಾವಾಸ್ಯೆಯ ಹೊತ್ತಿಗೆ ಹೋದರೆ ದೇಸಿ ಹತ್ತಿ ಹೂವಿನಲ್ಲಿ ಇರುತ್ತದೆ, ಮಿಶ್ರತಳಿ ಬೆಳ್ಳಗೆ ಒಡೆದಿರುತ್ತದೆ. ಎರಡನ್ನೂ ಒಟ್ಟಿಗೆ ನೋಡಬಹುದು. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಪರಿಚಯದವರಿದ್ದರೆ ನಿಮ್ಮನ್ನು ಉಣ್ಣಿಸದೆ ಕಳಿಸುವುದಿಲ್ಲ. ದೇಸಿ ಹತ್ತಿ ಬಿಡಿಸುವುದನ್ನು ನೋಡಬೇಕೆಂದರೆ ಫೆಬ್ರವರಿ ಕೊನೆ. ಮಳೆಯಾದ ಮರುದಿನ ಮಾತ್ರ ಎರೆಹೊಲಕ್ಕೆ ಇಳಿಯುವ ಸಾಹಸ ಬೇಡ. ನೆರಳು ಕಡಿಮೆ, ಆದ್ದರಿಂದ ಕುಡಿಯುವ ನೀರು, ತಲೆಗೆ ಸೆರಗೋ ಟೋಪಿಯೋ ಇರಲಿ. ಹೊಲದ ಒಡೆಯರನ್ನು ಕೇಳದೆ ಒಂದು ಕಾಯಿಯನ್ನೂ ಕೀಳಬೇಡಿ. ಕೇಳಿದರೆ ಉಡಿ ತುಂಬ ಕೊಡುತ್ತಾರೆ.

ಬರುವಾಗ ಒಂದು ಹಿಡಿ ದೇಸಿ ಹತ್ತಿ ತನ್ನಿ. ಕಾಳು ತೆಗೆದು, ಹಿಂಜಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಬತ್ತಿ ಹೊಸೆಯಿರಿ. ಉಳಿದ ಕಾಳು ಹಿತ್ತಿಲಿನಲ್ಲೋ ಕುಂಡದಲ್ಲೋ ಹಾಕಿ ನೋಡಿ. ಹಳದಿ ಹೂ ಬಿಟ್ಟ ದಿನ ಮಕ್ಕಳಿಗೆ ಬೆಂಡೆಯ ಹೂವನ್ನೂ ತೋರಿಸಿ ನಂಟಸ್ತನ ಹೇಳಿ. ಮುಂದಿನ ಸಲ ಹಾಸಿಗೆ ಮಾಡಿಸುವಾಗ, ಜಮಖಾನ ಕೊಳ್ಳುವಾಗ, ಮನೆಗೊಂದು ಧ್ವಜ ತರುವಾಗ “ಇದು ಯಾವ ಹತ್ತಿ? ಎಲ್ಲಿ ನೂತದ್ದು?” ಎಂದು ಅಂಗಡಿಯವನನ್ನು ಕೇಳಿ. ಅವನಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದರೆ ತಿಳಿದುಕೊಂಡಾನು, ನೂರು ಜನ ಕೇಳಿದರೆ ತರಿಸಿಯಾನು. ಆ ಅತ್ತೆಯ ಎರಡು ಎಕರೆ ಉಳಿಯುವುದೂ ಬಿಡುವುದೂ ಮಳೆಯ ಕೈಯಲ್ಲಿ ಎಷ್ಟಿದೆಯೋ, ನಮ್ಮ ಸಂತೆಚೀಲದಲ್ಲೂ ಅಷ್ಟೇ ಇದೆ.